ತಮಾಷೆಗೆ ಮಾಡಿದ ಫೋಟೊ ಮೇಲೆ ‘ಸುಳ್ಳು’ ಅಂತ ಮುದ್ರೆ ಒತ್ತಬೇಕಾ?

ಗೂಬೆಕಣ್ಣು (ಚರ್ಚೆ ಶುರು ಮಾಡಿದವರು)

ಮೊನ್ನೆ ಮನೆಯವರ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪ ಒಂದು ಫೋಟೊ ಹಾಕಿದರು. ಒಬ್ಬ ದೊಡ್ಡ ನಾಯಕರು ವೇದಿಕೆ ಮೇಲೆ ಕೂತು ಬಹಳ ಗಂಭೀರವಾಗಿ ಫೋನಿನಲ್ಲಿ ಮಾತಾಡುತ್ತಿದ್ದಾರೆ. ಫೋನ್ ಮಾತ್ರ ತಲೆಕೆಳಗು. ಕ್ಯಾಮೆರಾ ಗಲ್ಲದ ಹತ್ತಿರ ಇದೆ. ಮೇಲೆ ದೊಡ್ಡಪ್ಪನ ಷರಾ: ‘ಇಂಥವರ ಕೈಗೆ ಅಧಿಕಾರ ಕೊಟ್ಟು ಕೂತಿದ್ದೇವೆ.’ ನಾಯಕರ ಹೆಸರು, ಪಕ್ಷ ಇಲ್ಲಿ ಬೇಡ. ಹೇಳಿದರೆ ಎಲ್ಲರೂ ಅದನ್ನೇ ಹಿಡಿದು ಜಗಳಕ್ಕೆ ಕೂರುತ್ತಾರೆ.

ನನಗೆ ಸುಮ್ನೆ ಇರೋಕೆ ಆಗಲಿಲ್ಲ. ಫೋಟೊ ಹಿಗ್ಗಿಸಿ ನೋಡಿದೆ. ತೋರುಬೆರಳಿನ ತುದಿ ಫೋನಿನ ಅಂಚಿನೊಳಗೆ ನುಗ್ಗಿ ಮಾಯವಾಗಿತ್ತು. ಉಗುರು ಅರ್ಧ ಮಾತ್ರ ಇತ್ತು. ಕಿವಿಯ ಮೇಲಿನ ಕೂದಲು ಎಳೆ ಎಳೆಯಾಗಿ ಕಾಣುತ್ತಿತ್ತು, ಫೋನ್ ತಾಗುವ ಕಡೆ ಮಾತ್ರ ಒದ್ದೆ ಬೆರಳಲ್ಲಿ ಸವರಿದ ಹಾಗೆ ಕಲಸಿಕೊಂಡಿತ್ತು.

ಆಮೇಲೆ ಹುಡುಕಾಟ. ಇಡೀ ಫೋಟೊ ಹಾಕಿ ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಇದೇ ಫಾರ್ವರ್ಡ್‌ಗಳ ರಾಶಿ. ನಾಯಕರ ತಲೆ, ಫೋನ್ ಎರಡನ್ನೂ ಕತ್ತರಿಸಿ ತೆಗೆದು, ಹಿಂದಿನ ಪರದೆ ಮತ್ತು ಮೇಜಿನ ಮೇಲಿನ ಮೈಕುಗಳನ್ನಷ್ಟೇ ಉಳಿಸಿಕೊಂಡು ಮತ್ತೆ ಹುಡುಕಿದೆ. ಸಿಕ್ಕಿತು. ಅದೇ ಸಭೆ, ಅದೇ ಕೈ, ತೋಳಿನ ಮೇಲೆ ಅದೇ ಮೂರು ಮಡಿಕೆ. ಫೋನ್ ಸರಿಯಾಗಿಯೇ ಇದೆ. ಇನ್ನೂ ಸ್ವಲ್ಪ ಕೆದಕಿದಾಗ ಎಡಿಟ್ ಮಾಡಿದವರೂ ಸಿಕ್ಕರು. ಒಂದು ಟ್ರೋಲ್ ಪೇಜ್. ಅವರು ಕೆಳಗಡೆ ಬಲಮೂಲೆಯಲ್ಲಿ ಪೇಜಿನ ಹೆಸರು ಹಾಕಿದ್ದರು, ‘ನಗೋಕೆ ಮಾತ್ರ’ ಅಂತಲೂ ಬರೆದಿದ್ದರು. ದೊಡ್ಡಪ್ಪನಿಗೆ ಬಂದ ಪ್ರತಿಯಲ್ಲಿ ಕೆಳಗಿನ ಪಟ್ಟಿಯನ್ನೇ ಯಾರೋ ಕತ್ತರಿಸಿದ್ದರು.

ಗುಂಪಿನಲ್ಲಿ ‘ಇದು ಸುಳ್ಳು ಫೋಟೊ’ ಅಂತ ಹಾಕಿದೆ. ದೊಡ್ಡಪ್ಪನ ಉತ್ತರ: ‘ತಮಾಷೆ ಕಣೋ. ನಿನಗೆ ನಗೋಕೂ ಬರಲ್ವಾ?’ ಅದಕ್ಕೆ ಹನ್ನೊಂದು ಜನ ನಗುವ ಮುಖ ಒತ್ತಿದರು.

ನನ್ನ ಪ್ರಶ್ನೆ ಇಷ್ಟೇ. ಮಾಡಿದವನು ತಮಾಷೆಗೆ ಮಾಡಿದ. ಕಳಿಸಿದವರು ನಿಜ ಅನ್ನೋ ಹಾಗೆ ಕಳಿಸಿದರು. ಸಿಕ್ಕಿಬಿದ್ದ ಮೇಲೆ ತಮಾಷೆ ಅಂದರು. ಇದಕ್ಕೆ ‘ಸುಳ್ಳು’ ಅಂತ ಮುದ್ರೆ ಒತ್ತಿದ್ದು ತಪ್ಪಾ?

ಹನ್ನೆರಡನೇ ಪುಟ

ನಮ್ಮ ಗುಂಪಿನಲ್ಲೂ ಇದೇ ಕಥೆ. ಹೆಸರು ಮಾತ್ರ ಬೇರೆ, ಚಿಕ್ಕಪ್ಪ.

ಹಳೇಪೇಪರ್

ನಿಮ್ಮ ತಲೆಕೆಳಗು ಫೋನಿಗೆ ಒಬ್ಬ ಅಣ್ಣ ಇದ್ದಾನೆ. ಜಾರ್ಜ್ ಬುಷ್ ತಲೆಕೆಳಗಾದ ಪುಸ್ತಕ ಹಿಡಿದು ಮಕ್ಕಳ ಜೊತೆ ಕೂತಿರುವ ಫೋಟೊ ನೆನಪಿದೆಯಾ? ಮೂಲ ಫೋಟೊ 2002ರದ್ದು, ಟೆಕ್ಸಸ್‌ನ ಒಂದು ಶಾಲೆಯಲ್ಲಿ ತೆಗೆದದ್ದು. ಅದರಲ್ಲಿ ಪುಸ್ತಕ ನೆಟ್ಟಗಿದೆ. ರಟ್ಟನ್ನು ಮಾತ್ರ ತಿರುಗಿಸಿ ಅಂಟಿಸಿದ್ದರು. ಇಪ್ಪತ್ತು ವರ್ಷ ದಾಟಿದರೂ ಅದು ಈಗಲೂ ಆಗಾಗ ಎದ್ದು ಬರುತ್ತದೆ. ಪುಸ್ತಕ, ಫೋನ್, ಪೇಪರ್, ಕನ್ನಡಕ, ಏನನ್ನಾದರೂ ತಿರುಗಿಸು, ನಾಯಕ ದಡ್ಡನಾದ. ಬಹಳ ಹಳೇ ಸೂತ್ರ.

ಜೋಡಿಸುವ ಕೆಲಸ ಇನ್ನೂ ಹಳೆಯದು. ಅಬ್ರಹಾಂ ಲಿಂಕನ್ ರಾಜಗಾಂಭೀರ್ಯದಲ್ಲಿ ನಿಂತಿರುವ ಒಂದು ಮುದ್ರಿತ ಚಿತ್ರ ಇದೆ. ಮೈ ಲಿಂಕನ್‌ದಲ್ಲ, ಜಾನ್ ಕ್ಯಾಲ್ಹೂನ್ ಅನ್ನುವವನದು. ಆತ ಗುಲಾಮಗಿರಿಯನ್ನು ಸಮರ್ಥಿಸಿದ ರಾಜಕಾರಣಿ! ಗುಟ್ಟು ಬಿಟ್ಟುಕೊಟ್ಟದ್ದು ಕೆನ್ನೆಯ ಮಚ್ಚೆ. ತಲೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಕೂರಿಸಿದ್ದರಿಂದ ಮಚ್ಚೆ ಇನ್ನೊಂದು ಕೆನ್ನೆಗೆ ಹೋಗಿತ್ತು. ಅದಕ್ಕೇ ನಾನು ಯಾವ ಫೋಟೊ ಬಂದರೂ ಒಮ್ಮೆ ಎಡಬಲ ತಿರುಗಿಸಿ ಹುಡುಕುತ್ತೇನೆ. ಮಚ್ಚೆ, ಬೈತಲೆ, ಅಂಗಿಯ ಜೇಬು, ಕೈಗಡಿಯಾರ, ಈ ನಾಲ್ಕು ನೋಡಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಸುಮ್ನಿರಪ್ಪ

ದೊಡ್ಡಪ್ಪನ ಪರ ನಾನು. ವ್ಯಂಗ್ಯಚಿತ್ರಕಾರ ಮೂಗು ಎರಡಡಿ ಉದ್ದ ಬರೆದರೆ ಟೇಪು ಹಿಡಿದು ಅಳೆಯುತ್ತೀರಾ? ರಾಜಕಾರಣಿಗಳನ್ನು ಗೇಲಿ ಮಾಡುವುದು ಜನರ ಕೈಲಿರುವ ಅತಿ ಅಗ್ಗದ ಆಯುಧ. ಅದಕ್ಕೂ ಫ್ಯಾಕ್ಟ್‌ಚೆಕ್ ಅಂತ ಬಂದರೆ ಖುಷಿಪಡುವವರು ಯಾರು ಹೇಳಿ? ಗೇಲಿಗೆ ಒಳಗಾದವರೇ.

2018ರಲ್ಲಿ ಅಮೆರಿಕದ ಒಂದು ವಿಡಂಬನೆ ತಾಣ, ‘ಸುದ್ದಿಯನ್ನು ಬೇಕಾದ ಹಾಗೆ ತಿರುಗಿಸೋಕೆ ಸಿಎನ್ಎನ್ ದೊಡ್ಡ ವಾಷಿಂಗ್ ಮಷಿನ್ ಕೊಂಡಿದೆ’ ಅಂತ ಬರೆಯಿತು. ಅದನ್ನು ಸುಳ್ಳು ಅಂತ ಗುರುತು ಮಾಡಿದರು! ಫೇಸ್‌ಬುಕ್ ಆ ಪೇಜಿಗೆ ಎಚ್ಚರಿಕೆ ಕಳಿಸಿ, ಆಮೇಲೆ ತಪ್ಪಾಯಿತು ಅಂತ ಒಪ್ಪಿಕೊಂಡಿತು. ವಾಷಿಂಗ್ ಮಷಿನ್ ಇಲ್ಲ ಅಂತ ಸಾಬೀತು ಮಾಡೋಕೆ ಒಬ್ಬ ಮನುಷ್ಯ ಕೂತು ಕೆಲಸ ಮಾಡಿದ್ದಾನೆ ನೋಡಿ. ಪಾಪ.

ಮೌಸ್‌ಮಲ್ಲಿ

@ಸುಮ್ನಿರಪ್ಪ ಮೂಗು ಎರಡಡಿ ಇದ್ದರೆ ಅದು ಚಿತ್ರ ಅಂತ ಎಳೆ ಮಗುವಿಗೂ ಗೊತ್ತು. ಗೆರೆಯೇ ಹೇಳಿಬಿಡುತ್ತದೆ. ಫೋಟೊ ಹಾಗಲ್ಲ. ಅದರಲ್ಲಿ ತಮಾಷೆ ಇರುವುದು ಫೋಟೊ ಒಳಗಲ್ಲ, ಪಕ್ಕದಲ್ಲಿ. ಪೇಜಿನ ಹೆಸರು, ಷರಾ, ಮೂಲೆಯ ಗುರುತು, ಯಾವ ಗುಂಪಿನಲ್ಲಿ ಹಾಕಿದ್ದು ಅನ್ನೋದು. ಆ ಪಕ್ಕದ್ದೆಲ್ಲ ಒಂದು ಸ್ಕ್ರೀನ್‌ಶಾಟ್‌ಗೆ ಉದುರಿಹೋಗುತ್ತದೆ.

2023ರ ಮಾರ್ಚ್‌ನಲ್ಲಿ ಟ್ರಂಪ್ ಅವರನ್ನು ಪೊಲೀಸರು ನೆಲಕ್ಕೆ ಕೆಡವಿ ಎಳೆದೊಯ್ಯುವ ಚಿತ್ರಗಳು ಹರಿದಾಡಿದವು ಅಲ್ವಾ? ಅವನ್ನು ಮಿಡ್‌ಜರ್ನಿ ಅನ್ನೋ ಎಐ ಚಿತ್ರ ತಾಣದಲ್ಲಿ ಮಾಡಿದ್ದು ಎಲಿಯಟ್ ಹಿಗಿನ್ಸ್. ಫೋಟೊ, ವಿಡಿಯೊಗಳ ಸಾಚಾತನ ಪರೀಕ್ಷಿಸುವ ಬೆಲ್ಲಿಂಗ್‌ಕ್ಯಾಟ್ ಕಟ್ಟಿದವರೇ! ಬಂಧನ ಆಗುತ್ತಾ ಅಂತ ಕಾಯುತ್ತಾ ಚಿತ್ರ ಮಾಡುತ್ತಿದ್ದೇನೆ ಅಂತ ಅವರು ಬರೆದುಕೊಂಡೇ ಹಾಕಿದ್ದರು. ಮುಚ್ಚಿಟ್ಟಿರಲಿಲ್ಲ. ಆದರೆ ಅವರ ಬರಹ ಅಲ್ಲೇ ಉಳಿಯಿತು, ಚಿತ್ರಗಳು ಮಾತ್ರ ಊರೂರು ತಿರುಗಿದವು.

ಹಾಗಾಗಿ ನನ್ನ ಲೆಕ್ಕದಲ್ಲಿ ಮಾಡಿದವನ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಒಂದು ಪ್ರಶ್ನೆ. ಇವತ್ತು ನನ್ನ ಫೋನಿಗೆ ಯಾವ ಷರಾ ಹೊತ್ತು ಬಂದಿದೆ ಅನ್ನುವುದು ಬೇರೆ ಪ್ರಶ್ನೆ. ಪರೀಕ್ಷೆ ಮಾಡಬೇಕಾದ್ದು ಎರಡನೆಯದನ್ನು. ಗೂಬೆಕಣ್ಣು ಅವರೇ, ನಿಮ್ಮ ದೊಡ್ಡಪ್ಪ ಕಳಿಸಿದ್ದು ಬರೀ ಫೋಟೊ ಅಲ್ಲ. ‘ಇಂಥವರ ಕೈಗೆ ಅಧಿಕಾರ’ ಅನ್ನುವ ಮಾತು. ಆ ಮಾತಿಗೆ ಫೋಟೊವನ್ನು ಸಾಕ್ಷಿ ನಿಲ್ಲಿಸಿದ್ದಾರೆ.

ಸುಮ್ನಿರಪ್ಪ

ಸಾಕ್ಷಿ ಗೀಕ್ಷಿ ಏನಿಲ್ಲ ಮೇಡಂ. ಆ ನಾಯಕರ ಬಗ್ಗೆ ಅವರಿಗೆ ಮೊದಲೇ ಸಿಟ್ಟಿತ್ತು, ಕಳಿಸಿದರು ಅಷ್ಟೇ. ಫೋನ್ ನೆಟ್ಟಗಿದ್ದ ಫೋಟೊ ತೋರಿಸಿದರೆ ವೋಟು ಬದಲಾಯಿಸುತ್ತಾರಾ?

ಮೌಸ್‌ಮಲ್ಲಿ

ವೋಟು ಬದಲಾಯಿಸಲಿ ಅಂತ ಯಾರು ಕೇಳಿದರು? ಸಿಟ್ಟಿಗೆ ಬೇಕಾದಷ್ಟು ನಿಜವಾದ ಕಾರಣ ಸಿಗುತ್ತವೆ. ಅವನ್ನೇ ಕಳಿಸಲಿ.

ಪಿಕ್ಸೆಲ್ ಪಾಪಣ್ಣ

ನನ್ನ ಹೊಟ್ಟೆಪಾಡೇ ಫೋಟೊ ತಿದ್ದುವುದು. ಮದುವೆ ಗುಂಪುಫೋಟೊದಲ್ಲಿ ಕಣ್ಣು ಮುಚ್ಚಿದವರಿಗೆ ಬೇರೆ ಫೋಟೊದಿಂದ ಕಣ್ಣು ತಂದು ಕೂರಿಸಿದ್ದೇನೆ. ಕಳ್ಳನಿಗೆ ಕಳ್ಳನ ಹೆಜ್ಜೆ ಗೊತ್ತು ಅನ್ನೋ ಲೆಕ್ಕದಲ್ಲಿ ನಾಲ್ಕು ಮಾತು.

ಗೂಬೆಕಣ್ಣು ಸರ್ ತಲೆ ತೆಗೆದು ಹಿನ್ನೆಲೆ ಹಿಡಿದು ಹುಡುಕಿದ್ದು ಬಹಳ ಸರಿ. ಬೇರೆ ಮೈ ಮೇಲೆ ಇನ್ನೊಬ್ಬರ ತಲೆ ಕೂರಿಸಿದ್ದಾರೆ ಅಂತ ಅನುಮಾನ ಬಂದರೆ ಎರಡು ಸಲ ಹುಡುಕಬೇಕು. ಕುತ್ತಿಗೆಯಿಂದ ಮೇಲೆ ಒಂದು ಸಲ, ಕೆಳಗೆ ಇನ್ನೊಂದು ಸಲ. ಅಂಥ ಚಿತ್ರಕ್ಕೆ ಇಬ್ಬರು ತಾಯಂದಿರು. ಇಬ್ಬರೂ ಸಿಗುವ ತನಕ ಬಿಡಬಾರದು. 2004ರ ಅಮೆರಿಕ ಚುನಾವಣೆ ಹೊತ್ತಿಗೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಜಾನ್ ಕೆರ‍್ರಿ ಮತ್ತು ನಟಿ ಜೇನ್ ಫೋಂಡಾ ಒಂದೇ ವೇದಿಕೆಯಲ್ಲಿ ನಿಂತ ಫೋಟೊ ಓಡಾಡಿತ್ತು. ಕೆರ‍್ರಿ ಫೋಟೊ 1971ರದ್ದು, ಫೋಂಡಾ ಫೋಟೊ 1972ರದ್ದು, ತೆಗೆದವರೂ ಬೇರೆ ಬೇರೆ. ಕೆರ‍್ರಿ ಫೋಟೊ ತೆಗೆದ ಕೆನ್ ಲೈಟ್ ಹತ್ತಿರ ನೆಗೆಟಿವ್ ಇತ್ತು. ಅದರಲ್ಲಿ ಕೆರ‍್ರಿ ಪಕ್ಕ ಫೋಂಡಾ ಇಲ್ಲ. ಕಥೆ ಮುಗೀತು. ಅದು ತಮಾಷೆಗೆ ಮಾಡಿದ್ದಲ್ಲ ಬಿಡಿ, ಪತ್ರಿಕೆಯ ತುಣುಕಿನ ಹಾಗೆ ಕಾಣಲಿ ಅಂತ ಸುದ್ದಿಸಂಸ್ಥೆಯ ಹೆಸರನ್ನೂ ಸೇರಿಸಿದ್ದರು.

ಟಿನ್‌ಐ ಅಂತ ಒಂದು ತಾಣ ಇದೆ. ಅದರಲ್ಲಿ ಸಿಕ್ಕ ಪ್ರತಿಗಳನ್ನು ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ಟ್ರೋಲ್ ಪೇಜಿನ ವಾಟರ್‌ಮಾರ್ಕ್ ಸಿಗುವುದು ಹೆಚ್ಚಾಗಿ ಹಳೇ ಪ್ರತಿಯಲ್ಲೇ. ‘ದೊಡ್ಡ ಸೈಜಿನದು ಮೊದಲು’ ಅನ್ನುವುದನ್ನೂ ಒತ್ತಿ. ಮೂಲ ಫೋಟೊ ದೊಡ್ಡದಾಗಿರುತ್ತದೆ, ಕೈ ಬದಲಾದಷ್ಟೂ ಚಿಕ್ಕದಾಗಿ ಮಸುಕಾಗುತ್ತದೆ.

ಎಕ್ಸಿಫ್ ನೋಡಿ ಅಂತ ಕೆಲವರು ಹೇಳುತ್ತಾರೆ, ಅಂದರೆ ಫೋಟೊ ಒಳಗೆ ಅಡಗಿರುವ ತಾರೀಖು, ಕ್ಯಾಮೆರಾ ಹೆಸರು ಇತ್ಯಾದಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬಂದದ್ದರಲ್ಲಿ ಅದು ಉಳಿದಿರುವುದಿಲ್ಲ. ಸುಮ್ನೆ ಟೈಮ್ ವೇಸ್ಟು.

ಅರೆಬೆಂದ ಜ್ಞಾನಿ

ಪಾಪಣ್ಣ, ಎರರ್ ಲೆವೆಲ್ ಅನಾಲಿಸಿಸ್ ಅಂತ ಇದೆಯಲ್ಲ, ಫೋಟೊ ಹಾಕಿದರೆ ಎಡಿಟ್ ಮಾಡಿದ ಜಾಗ ಬೆಳ್ಳಗೆ ಹೊಳೆಯುತ್ತದೆ. ನಾನು ಒಂದು ಫೋಟೊ ಹಾಕಿದೆ, ನಾಯಕರ ಬಿಳಿ ಅಂಗಿಯ ಅಂಚು ಪೂರ್ತಿ ಹೊಳೆಯಿತು. ಹಾಗಾದರೆ ಅಂಗಿ ನಕಲಿ ತಾನೆ?

ಪಿಕ್ಸೆಲ್ ಪಾಪಣ್ಣ

ಇಲ್ಲ ಗುರು! ಕಪ್ಪು ಬಿಳಿ ಸೇರುವ ಗಟ್ಟಿ ಅಂಚು ಎಲ್ಲಿದ್ದರೂ ಅದು ಹೊಳೆಯುತ್ತದೆ. ಆ ಪರೀಕ್ಷೆ ನೋಡುವುದು ಜೆಪಿಇಜಿ ಸೇವ್ ಮಾಡುವಾಗ ಯಾವ ಭಾಗ ಎಷ್ಟು ಸವೆದಿದೆ ಅಂತ. ಹತ್ತು ಗುಂಪು ಸುತ್ತಿ ಬಂದ ಫೋಟೊದಲ್ಲಿ ಎಲ್ಲ ಭಾಗವೂ ಒಂದೇ ಸಮ ಸವೆದಿರುತ್ತದೆ. ಆಗ ಅಸಲಿ ನಕಲಿ ಎರಡೂ ಒಂದೇ ಥರ ಕಾಣುತ್ತವೆ. ಎಐ ಪತ್ತೆ ಮಾಡುವ ತಾಣಗಳು ಕೊಡುವ ಪರ್ಸೆಂಟೂ ಅಷ್ಟೇ. ಅದೊಂದನ್ನೇ ನಂಬಿ ಯಾರ ಮೇಲೂ ಬೀಳಬೇಡಿ. ಮೂಲ ಫೋಟೊ ಕೈಗೆ ಸಿಕ್ಕರೆ ಯಾವ ಯಂತ್ರವೂ ಬೇಡ.

ನೆರಳಿನ ಬಗ್ಗೆಯೂ ಹೀಗೇ. ‘ನೆರಳು ಸರಿಯಿಲ್ಲ, ಇದು ಫೋಟೊಶಾಪ್’ ಅಂತ ಎಷ್ಟು ಜನ ಅಂದುಬಿಡುತ್ತಾರೆ. ನೆರಳಿನ ದಿಕ್ಕು ಅಳೆಯುವುದರಲ್ಲಿ ನಮ್ಮ ಕಣ್ಣು ಬಹಳ ದಡ್ಡ. ಕೆನಡಿ ಹತ್ಯೆಯ ಆರೋಪಿ ಆಸ್ವಾಲ್ಡ್ ಬಂದೂಕು ಹಿಡಿದ ಫೋಟೊ ನಕಲಿ, ನೆರಳೇ ಸಾಕ್ಷಿ ಅಂತ ದಶಕಗಟ್ಟಲೆ ಜನ ವಾದ ಮಾಡಿದರು. 2009ರಲ್ಲಿ ನಕಲಿ ಫೋಟೊ ಪತ್ತೆ ಮಾಡುವ ತಜ್ಞ ಹ್ಯಾನಿ ಫರೀದ್ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಮಾಡಿ ನೋಡಿದರೆ ನೆರಳು ಸರಿಯಾಗಿಯೇ ಇತ್ತು. ಅದನ್ನು ಹೇಗೆ ಅಳೆಯಬೇಕು ಅಂದರೆ, ನೆರಳಿನ ಒಂದು ಬಿಂದುವಿನಿಂದ ಅದನ್ನು ಬೀಳಿಸಿದ ವಸ್ತುವಿನ ಬಿಂದುವಿಗೆ ಗೆರೆ ಎಳೆಯಿರಿ. ಮೂಗಿನ ತುದಿ ಮತ್ತು ಅದರ ನೆರಳಿನ ತುದಿ, ಮೈಕಿನ ತುದಿ ಮತ್ತು ಅದರ ನೆರಳು, ಹೀಗೆ ನಾಲ್ಕೈದು ಕಡೆ. ಬೆಳಕು ಒಂದೇ ಆಗಿದ್ದರೆ ಗೆರೆಗಳೆಲ್ಲ ಉದ್ದಕ್ಕೆ ಹೋಗಿ ಒಂದೇ ಜಾಗದಲ್ಲಿ ಸೇರುತ್ತವೆ. ಒಂದು ತಲೆ ಮಾತ್ರ ಬೇರೆ ಸೂರ್ಯನಿಗೆ ಬೆರಳು ತೋರಿಸುತ್ತಿದ್ದರೆ ಆಗ ಅನುಮಾನ ಪಡಿ. ವೇದಿಕೆ ಮೇಲೆ ಹತ್ತು ಲೈಟ್ ಇದ್ದರೆ ಇದೂ ಸುಲಭವಲ್ಲ.

ನೋಡಿನಂಬು

ಇಲ್ಲಿ ಯಾರೂ ಉಲ್ಟಾ ಕಡೆಯಿಂದ ಯೋಚಿಸುತ್ತಿಲ್ಲ. ಮುಚ್ಚಳ ತೆಗೆಯದ ದುರ್ಬೀನಿನಲ್ಲಿ ಒಬ್ಬ ರಕ್ಷಣಾ ಮಂತ್ರಿ ಸೇನೆಯ ಕವಾಯತು ನೋಡುತ್ತಿರುವ ಫೋಟೊ ಬಂದರೆ ಏನನ್ನುತ್ತೀರಿ? ‘ಹಳೇ ಸೂತ್ರ, ಮುಚ್ಚಳ ಅಂಟಿಸಿದ್ದಾರೆ’ ಅಂತೀರಿ ಅಲ್ವಾ? ಅದು ನಿಜವಾದ ಫೋಟೊ. 2007ರ ಫೆಬ್ರವರಿ, ಇಸ್ರೇಲಿನ ರಕ್ಷಣಾ ಮಂತ್ರಿ ಅಮೀರ್ ಪೆರೆಟ್ಜ್, ಗೋಲನ್ ಹೈಟ್ಸ್‌ನಲ್ಲಿ. ಪಕ್ಕದಲ್ಲಿ ಸೇನಾ ಮುಖ್ಯಸ್ಥರು. ಮಂತ್ರಿಗಳು ಮುಚ್ಚಳದ ಹಿಂದಿನ ಕತ್ತಲು ನೋಡಿ ತಲೆ ಬೇರೆ ಆಡಿಸುತ್ತಿದ್ದರಂತೆ.

ನಗು ಬರುವಷ್ಟು ಚೆನ್ನಾಗಿದೆ ಅನ್ನೋ ಕಾರಣಕ್ಕೇ ಫೋಟೊ ನಕಲಿ ಆಗುವುದಿಲ್ಲ. ನಾನು ಒಂದು ಸಲ ಹೀಗೇ ಆತುರಪಟ್ಟು, ನಿಜವಾದ ಒಂದು ಫೋಟೊವನ್ನು ‘ಎಡಿಟೆಡ್’ ಅಂತ ಆಫೀಸಿನ ಗುಂಪಿನಲ್ಲಿ ಸಾರಿಬಿಟ್ಟೆ. ಸಹೋದ್ಯೋಗಿಯೊಬ್ಬರು ಅದೇ ಕ್ಷಣದ ವಿಡಿಯೊ ಹಾಕಿದರು. ಇವತ್ತಿಗೂ ನಾನು ಏನೇ ಹೇಳಿದರೂ ‘ವಿಡಿಯೊ ನೋಡಿದೀರಾ ಸರ್?’ ಅಂತ ಕೇಳುತ್ತಾರೆ.

ಇದರಲ್ಲಿ ಇನ್ನೊಂದು ಕಾಟ ಇದೆ. ಎಲ್ಲದಕ್ಕೂ ನಕಲಿ ನಕಲಿ ಅಂತ ಕೂಗಿ ಅಭ್ಯಾಸ ಆದರೆ ರಾಜಕಾರಣಿಗಳೂ ಅದನ್ನೇ ಹಿಡಿದುಕೊಳ್ಳುತ್ತಾರೆ. 2024ರ ಆಗಸ್ಟ್‌ನಲ್ಲಿ ಡೆಟ್ರಾಯ್ಟ್ ವಿಮಾನ ನಿಲ್ದಾಣದಲ್ಲಿ ಕಮಲಾ ಹ್ಯಾರಿಸ್ ಸಭೆಗೆ ಸೇರಿದ ಜನರ ಫೋಟೊ ಎಐ ಸೃಷ್ಟಿ ಅಂತ ಟ್ರಂಪ್ ಹೇಳಿದರು. ಅಲ್ಲಿ ವರದಿಗಾರರಿದ್ದರು, ಬೇರೆ ಬೇರೆ ಕಡೆಯಿಂದ ತೆಗೆದ ವಿಡಿಯೊಗಳಿದ್ದವು. ಜನ ಸೇರಿದ್ದು ನಿಜ.

ಎರಡನೇ ಬೆಂಚು

ನಕಲಿ ಮಾಡುವವರು ಅಂದರೆ ಟ್ರೋಲ್ ಪೇಜಿನ ಹುಡುಗರು ಅನ್ನುವ ಹಾಗೆ ಮಾತು ಸಾಗಿದೆ. 2015ರ ಡಿಸೆಂಬರ್ ನೆನಪಿಸಿಕೊಳ್ಳಿ. ಚೆನ್ನೈ ಪ್ರವಾಹವನ್ನು ಪ್ರಧಾನಿ ಮೋದಿ ವಿಮಾನದ ಕಿಟಕಿಯಿಂದ ನೋಡುತ್ತಿರುವ ಫೋಟೊವನ್ನು ಸರ್ಕಾರದ ಸುದ್ದಿ ವಿಭಾಗ ಪಿಐಬಿಯೇ ಹಾಕಿತು. ಕಿಟಕಿಯಾಚೆ ಮನೆಗಳು, ನೀರು, ಎಲ್ಲ ಸ್ಪಷ್ಟ. ಆಚೆಯ ನೋಟವನ್ನು ಬೇರೆ ಕಡೆಯಿಂದ ತಂದು ಅಂಟಿಸಿದ್ದು ಅಂತ ಜನ ಹಿಡಿದುಬಿಟ್ಟರು. ಪಿಐಬಿ ಅದನ್ನು ತೆಗೆದು ಹಾಕಿತು.

ಆಮೇಲೆ ಶುರುವಾಯಿತು ನೋಡಿ ನಿಜವಾದ ಹಬ್ಬ. ಅದೇ ಕಿಟಕಿಗೆ ಜನ ಏನೇನೋ ಅಂಟಿಸಿ ಹಂಚಿದರು. ಅವೆಲ್ಲ ಜೋಡಿಸಿದ ಚಿತ್ರಗಳೇ, ಆದರೆ ಒಂದರಲ್ಲೂ ಮೋಸ ಇರಲಿಲ್ಲ. ಮೋಸ ಇದ್ದದ್ದು ಸರ್ಕಾರಿ ಪ್ರತಿಯಲ್ಲಿ. ಆ ಗೇಲಿ ಚಿತ್ರಗಳಿಗೆಲ್ಲ ‘ಸುಳ್ಳು’ ಅಂತ ಮುದ್ರೆ ಒತ್ತಿದ್ದರೆ ಎಷ್ಟು ಪೆದ್ದುತನ ಆಗುತ್ತಿತ್ತು! ಇಷ್ಟರ ಮಟ್ಟಿಗೆ ನಾನು ಸುಮ್ನಿರಪ್ಪ ಅವರ ಕಡೆ.

ಕೋರ್ಟುಕಟ್ಟೆ

ಮುದ್ರೆ ಒತ್ತುವುದು ಯಾರು ಅನ್ನುವುದೂ ಮುಖ್ಯ. 2019ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯ ಮುಖವನ್ನು ಮೆಟ್ ಗಾಲಾ ಅನ್ನುವ ಫ್ಯಾಷನ್ ಸಮಾರಂಭದಲ್ಲಿ ತೆಗೆದ ನಟಿಯೊಬ್ಬರ ಫೋಟೊಗೆ ಜೋಡಿಸಿದ ಮೀಮ್ ಹಂಚಿಕೊಂಡರು ಅಂತ ಒಬ್ಬ ಯುವತಿಯನ್ನು ಜೈಲಿಗೆ ಹಾಕಿದ್ದರು. ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟು ಬಿಡಿಸಬೇಕಾಯಿತು. ಆನ್‌ಲೈನ್‌ನಲ್ಲಿ ಹಾಕಿದ್ದಕ್ಕೆ ಜನರನ್ನು ಬಂಧಿಸಲು ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ 2015ರಲ್ಲೇ ಬಿದ್ದುಹೋಗಿತ್ತು, ಆದರೂ ಈ ಗತಿ. ಇನ್ನು ಕೇಂದ್ರ ಸರ್ಕಾರ ತನ್ನ ಬಗ್ಗೆ ಬಂದ ಸುದ್ದಿಯಲ್ಲಿ ಯಾವುದು ಸುಳ್ಳು ಅಂತ ತಾನೇ ಹೇಳುವ ಘಟಕಕ್ಕೆ 2023ರಲ್ಲಿ ನಿಯಮ ತಂದಿತ್ತು. ಅದನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. ಆ ಕೇಸು ಹಾಕಿದವರಲ್ಲಿ ಒಬ್ಬರು ಹಾಸ್ಯ ಕಲಾವಿದರು, ಕುನಾಲ್ ಕಾಮ್ರಾ.

ನಾವು ಗುಂಪಿನಲ್ಲಿ ಒಬ್ಬರಿಗೊಬ್ಬರು ತಿದ್ದಿಕೊಳ್ಳುವುದು ಬೇರೆ. ಗೇಲಿಗೆ ಒಳಗಾದವರ ಕೈಗೇ ಮುದ್ರೆ ಕೊಡುವುದು ಬೇರೆ.

ಹಳೇಪೇಪರ್

ತಮಾಷೆ ಅಂತ ಬರೆದಿದ್ದರೂ ದೊಡ್ಡ ದೊಡ್ಡವರೇ ಬಿದ್ದಿದ್ದಾರೆ ಅನ್ನೋದಕ್ಕೆ ಒಂದು ಹಳೇ ಕಥೆ. 2012ರಲ್ಲಿ ಅಮೆರಿಕದ ವಿಡಂಬನೆ ಪತ್ರಿಕೆ ‘ದಿ ಆನಿಯನ್’ ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಅವರನ್ನು ‘ಬದುಕಿರುವವರಲ್ಲಿ ಅತಿ ಮಾದಕ ಪುರುಷ’ ಅಂತ ಆರಿಸಿತು. ಚೀನಾದ ಪೀಪಲ್ಸ್ ಡೈಲಿ ಅದನ್ನು ನಿಜವೆಂದೇ ನಂಬಿ ತನ್ನ ತಾಣದಲ್ಲಿ 55 ಫೋಟೊಗಳ ಸರಮಾಲೆ ಹಾಕಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಲ್ಲಿ 55 ಎತ್ತು ಕಟ್ಟಿದರು.

ಮೌಸ್‌ಮಲ್ಲಿ

ಮುದ್ರೆಯ ಪದ ಯಾವುದಿರಬೇಕು ಅನ್ನುವುದಕ್ಕೆ ಬರೋಣ. ಈ ಕೆಲಸ ದಿನಾ ಮಾಡುವವರೇ ‘ಸುಳ್ಳು’ ಒಂದೇ ಸಾಲದು ಅಂತ ಕಂಡುಕೊಂಡಿದ್ದಾರೆ. ಸ್ನೋಪ್ಸ್ ಅನ್ನುವ ಫ್ಯಾಕ್ಟ್‌ಚೆಕ್ ತಾಣದವರು ವಿಡಂಬನೆಗೆ ಅಂತಲೇ ಬೇರೆ ಗುರುತು ಇಟ್ಟಿದ್ದಾರೆ. ಫೇಸ್‌ಬುಕ್‌ಗೆ ಪರೀಕ್ಷೆ ಮಾಡಿಕೊಡುವ ಸಂಸ್ಥೆಗಳ ಪಟ್ಟಿಯಲ್ಲಿ ‘ಸುಳ್ಳು’, ‘ತಿದ್ದಿದ್ದು’, ‘ಸಂದರ್ಭ ಬಿಟ್ಟುಹೋಗಿದೆ’, ‘ವಿಡಂಬನೆ’ ಎಲ್ಲ ಬೇರೆ ಬೇರೆ. ಕನ್ನಡದಲ್ಲಿ ನಾನಾದರೆ ‘ಜೋಡಿಸಿದ ಚಿತ್ರ’ ಅಂತ ಬರೆಯುತ್ತೇನೆ. ‘ಸುಳ್ಳು’ ಅಂದರೆ ಕಳಿಸಿದವರಿಗೆ ‘ನೀನು ಸುಳ್ಳ’ ಅಂದ ಹಾಗೆ ಕೇಳುತ್ತದೆ. ‘ಜೋಡಿಸಿದ್ದು’ ಅಂದರೆ ಅವರ ಮೇಲಲ್ಲ, ಚಿತ್ರದ ಮೇಲೆ ಮಾತು.

ಪಿಕ್ಸೆಲ್ ಪಾಪಣ್ಣ

ಪದ ಚೆನ್ನಾಗಿದೆ. ನಾವು ಅಂಗಡಿಯಲ್ಲಿ ‘ಕೂಡಿಸಿದ್ದು’ ಅಂತೀವಿ.

ಒಂದು ವಿನಂತಿ. ತಿದ್ದಿದ ಫೋಟೊ ತೋರಿಸುವಾಗ ಅದರ ಮೇಲೇ ಅಡ್ಡಗೆರೆ ಎಳೆದು ಕಳಿಸಿ. ಬರೀ ಷರಾ ಬರೆದು ಮತ್ತೆ ಅದೇ ಫೋಟೊ ಹಾಕಿದರೆ ನಿಮ್ಮ ಷರಾ ಬಿಟ್ಟು ಫೋಟೊ ಒಂದನ್ನೇ ಮುಂದೆ ದಾಟಿಸುತ್ತಾರೆ. ನನಗೆ ಆಗಿದೆ.

ಸುಮ್ನಿರಪ್ಪ

ಸರಿ, ‘ಜೋಡಿಸಿದ್ದು’ ಅಂದರೆ ನನ್ನ ತಕರಾರು ಅರ್ಧ ಕಮ್ಮಿ. ಇನ್ನರ್ಧ ಇಟ್ಟುಕೊಂಡಿರುತ್ತೇನೆ.

ಗೂಬೆಕಣ್ಣು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಗುಂಪು ಬಿಟ್ಟು ದೊಡ್ಡಪ್ಪನಿಗೆ ಒಬ್ಬರಿಗೇ ಕಳಿಸಿದೆ. ಎಡಗಡೆ ಮೂಲ ಫೋಟೊ, ಬಲಗಡೆ ಅಡ್ಡಗೆರೆ ಎಳೆದ ಎಡಿಟ್, ಬೆರಳಿನ ಜಾಗಕ್ಕೆ ಒಂದು ಕೆಂಪು ಸುತ್ತು. ಬರೆದದ್ದು ಒಂದೇ ಸಾಲು: ‘ದೊಡ್ಡಪ್ಪ, ಚೆನ್ನಾಗಿ ಕೂಡಿಸಿದ್ದಾರೆ, ಉಗುರು ಮಾತ್ರ ಮರೆತಿದ್ದಾರೆ ನೋಡಿ.’ ಸುಳ್ಳು ಅನ್ನೋ ಪದ ಬಳಸಲಿಲ್ಲ.

ಅರ್ಧ ಗಂಟೆ ಉತ್ತರವಿಲ್ಲ. ಆಮೇಲೆ ಫೋನೇ ಮಾಡಿದರು. ‘ಆ ಉಗುರು ನಿನಗೆ ಹೇಗೋ ಕಾಣಿಸ್ತು?’ ಅಂತ ಶುರುವಾಗಿ, ಫೋಟೊ ಹಿಗ್ಗಿಸುವುದು ಹೇಗೆ, ಲೆನ್ಸ್ ಎಲ್ಲಿದೆ ಅಂತ ಕೇಳಿದರು. ನಾಯಕರ ಮೇಲಿನ ಸಿಟ್ಟು ಕಾಲಂಶವೂ ಇಳಿದಿಲ್ಲ, ಅದನ್ನೂ ಇಪ್ಪತ್ತು ನಿಮಿಷ ಕೇಳಿದೆ. ಗುಂಪಿನಲ್ಲಿ ಹಾಕಿದ್ದನ್ನು ಅಳಿಸಲಿಲ್ಲ. ನಾನೂ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಆರೂಕಾಲಿಗೆ ಅವರಿಂದ ಇನ್ನೊಂದು ಫೋಟೊ ಬಂದಿದೆ. ಈ ಸಲ ಅವರಿಗೆ ಇಷ್ಟವಾದ ನಾಯಕರದು. ಅವರು ಕನ್ನಡಕವನ್ನು ಹಣೆ ಮೇಲೆ ಏರಿಸಿಕೊಂಡು, ಕನ್ನಡಕಕ್ಕಾಗಿ ಮೇಜಿನ ಕೆಳಗೆ ಹುಡುಕುತ್ತಿದ್ದಾರೆ. ಷರಾ: ‘ಇದು ಖಂಡಿತ ಕೂಡಿಸಿದ್ದು. ಸಾಬೀತು ಮಾಡು.’

ಒಂದು ಗಂಟೆಯಿಂದ ಹುಡುಕಿದೆ. ವಿಡಿಯೊನೇ ಸಿಕ್ಕಿತು. ಕೂಡಿಸಿದ್ದಲ್ಲ. ಈಗ ಇದನ್ನು ದೊಡ್ಡಪ್ಪನಿಗೆ ಯಾವ ಪದದಲ್ಲಿ ಹೇಳಲಿ ಅಂತ ಕೂತಿದ್ದೇನೆ.